ಒಂದೇ ಸುಳಿ

ನಾನು ಚಿಕ್ಕವನಿದ್ದಾಗ ಎಂದು ಬಾಯಿ ತೆರೆದರೆ ಸಾಕು, ಮೊಮ್ಮಕ್ಕಳಾದ ನಿಮಗೆ ಎಲ್ಲಿಲ್ಲದ ಹೋಂವರ್ಕ್ ನೆನಪಾಗುತ್ತದೆ. ಇವತ್ತು ಮಾತ್ರ ಹಾಗೆ ಏಳುವಂತಿಲ್ಲ. ಕೇಳಿದವರು ನೀವೇ, ಉತ್ತರ ಮುಗಿಯುವ ತನಕ ಕೂತಿರಬೇಕು. ಇದು ನಮ್ಮ ಅಂಗಳದ ಒಂದು ಗಿಡದ ವಿಷಯ, ನನ್ನ ಅಕ್ಕನ ವಿಷಯವೂ ಹೌದು.

ನಮ್ಮದು ಮಾಗಡಿ ಸೀಮೆಯ ಕಲ್ಯದ ಮಗ್ಗುಲಿನ ಸಣ್ಣ ಹಳ್ಳಿ. ಹೊಲದ ತುಂಬ ಹಿಪ್ಪುನೇರಳೆ, ಮನೆಯ ತುಂಬ ರೇಷ್ಮೆ ಹುಳು. ನಡುಮನೆಯೆಲ್ಲ ಹುಳುವಿನ ತಟ್ಟೆಗಳಿಗೆ ಹೋಗಿ, ಮಿಕ್ಕ ಜಾಗದಲ್ಲಿ ಅಪ್ಪ, ಅವ್ವ, ನಾನು ಮಲಗುತ್ತಿದ್ದೆವು. ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು ಕಿವಿಯಲ್ಲಿ ಸದಾ ಇರುತ್ತಿತ್ತು. ಹಸಿ ಸೊಪ್ಪಿನ ವಾಸನೆ ನಮ್ಮ ಬಟ್ಟೆಗೂ ಹತ್ತಿ, ಇಸ್ಕೂಲಿನಲ್ಲಿ ನನ್ನನ್ನು ಹುಡುಗರು ‘ಹುಳ’ ಎಂದೇ ಕರೆಯುತ್ತಿದ್ದರು. ನನಗೇನೂ ಬೇಸರವಿರಲಿಲ್ಲ.

ಅಕ್ಕನನ್ನು ಕನಕಪುರದ ಆಚೆ, ದೊಡ್ಡಆಲಹಳ್ಳಿಗೆ ಕೊಟ್ಟಿದ್ದರು. ಮದುವೆಯಲ್ಲಿ ಭಾವನ ತಲೆಗೆ ಎಣ್ಣೆ ಒತ್ತುತ್ತಿದ್ದ ಹೆಂಗಸರು ಕೂದಲು ಸರಿಸಿ ನೋಡಿ ನಕ್ಕಿದ್ದರು. ನೆತ್ತಿಯ ಮೇಲೆ ಕೂದಲು ಸುತ್ತಿಕೊಂಡಿರುತ್ತದಲ್ಲ, ಅದಕ್ಕೆ ಸುಳಿ ಎನ್ನುತ್ತಾರೆ. ಎಲ್ಲರಿಗೂ ಒಂದಿದ್ದರೆ ಭಾವನಿಗೆ ಎರಡಿದ್ದವು. “ಎರಡು ಸುಳಿ ಐತೆ ಕಣವ್ವ, ಇವ್ನು ಎರಡು ಮದ್ವೆ ಆಯ್ತಾನೆ” ಎಂದು ಒಬ್ಬಳು ಛೇಡಿಸಿದಾಗ ಎಲ್ಲರಿಗಿಂತ ಹೆಚ್ಚು ನಕ್ಕವಳು ಅಕ್ಕನೇ.

ಕೆಲವು ವರ್ಷ ಕಳೆದವು. ಮಕ್ಕಳಾಗಲಿಲ್ಲವೆಂದು ಅತ್ತೆ ಮನೆಯವರು ಅಕ್ಕನನ್ನು ತವರಿಗೆ ಕಳಿಸಿದರು. ಎತ್ತಿನ ಗಾಡಿಯಿಂದ ಇಳಿದಾಗ ಅವಳ ಒಂದು ಕೈಯಲ್ಲಿ ಟ್ರಂಕು, ಕಂಕುಳಲ್ಲಿ ಒಂದು ಡಾಲ್ಡಾ ಡಬ್ಬ. ಡಬ್ಬದಲ್ಲಿ ಗೇಣುದ್ದದ ಗಿಡ. ಭಾವ ಬೆಂಗಳೂರಿನ ಯಾವುದೋ ಬಂಗಲೆಯಲ್ಲಿ ಕಂಡು, ಮಾಲಿಯನ್ನು ಕಾಡಿ ಬೇಡಿ ಹೆಂಡತಿಗೆಂದು ತಂದದ್ದಂತೆ. ಅಕ್ಕ ಅದನ್ನು ಅಂಗಳದ ಮೂಲೆಯಲ್ಲಿ ನೆಟ್ಟಳು. ಹುಳುವಿನ ಹಿಕ್ಕೆಯನ್ನು ಗೊಬ್ಬರ ಮಾಡಿದಳು, ಬೇಸಗೆಯಲ್ಲಿ ತೆಂಗಿನ ಗರಿಯ ಮರೆ ಕಟ್ಟಿದಳು, ಒದ್ದೆ ಬಟ್ಟೆಯಲ್ಲಿ ಎಲೆಯ ದೂಳು ಒರೆಸಿದಳು. ಅದರ ಎಲೆ ಬೀಸಣಿಗೆಯ ಹಾಗೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತಿತ್ತು, ತೊಟ್ಟಿನ ಅಂಚಿನಲ್ಲಿ ಸಣ್ಣ ಮುಳ್ಳು. ಪಾಮ್ ಎಂಬ ಹೆಸರು ನಮಗೆ ಗೊತ್ತಿರಲಿಲ್ಲ. ಬೀಸಣಿಗೆ ಗಿಡ ಎಂದು ಕರೆದೆವು.

“ಕಾಯಿ ಬಿಡಲ್ಲ, ದನ ತಿನ್ನಲ್ಲ. ಏನಕ್ಕವ್ವ ಇದು?” ಎಂದು ನೀರಿಗೆ ಹೋಗುವ ಹೆಂಗಸರು ಕೇಳುತ್ತಿದ್ದರು.

“ಚೆಂದಕ್ಕೆ” ಎನ್ನುತ್ತಿದ್ದಳು ಅಕ್ಕ.

ಅವರು ಬೀದಿ ತಿರುವಿನ ತನಕ ಸುಮ್ಮನೆ ಹೋಗಿ, ಆಮೇಲೆ ಏನೋ ಅಂದುಕೊಂಡು ನಗುತ್ತಿದ್ದರು. ಕಾಯಿ ಬಿಡದವಳಿಗೆ ಕಾಯಿ ಬಿಡದ ಗಿಡ ಎಂದು ಅವರು ಆಡಿಕೊಳ್ಳುತ್ತಿದ್ದುದು ನನ್ನ ಕಿವಿಗೂ ಬಿದ್ದಿತ್ತು. ಆ ಹೆಂಗಸರ ಮೇಲೆ ನನಗೆ ಈಗಲೂ ಸಿಟ್ಟಿದೆ, ಅವರಲ್ಲಿ ಯಾರೂ ಈಗ ಬದುಕಿಲ್ಲದಿದ್ದರೂ.

ಗಿಡ ನನ್ನ ಎದೆಯ ಎತ್ತರಕ್ಕೆ ಬಂದಿದ್ದಾಗ, ಭಾವ ಬರುತ್ತಾನೆಂದು ಸುದ್ದಿ ಬಂತು. ಕರೆದುಕೊಂಡು ಹೋಗಲಿಕ್ಕೇ ಇರಬೇಕು ಎಂದು ಅವ್ವ ಒಬ್ಬಟ್ಟಿಗೆ ಬೇಳೆ ಇಟ್ಟಳು. ಅಕ್ಕ ಟ್ರಂಕಿನಿಂದ ಒಳ್ಳೆಯ ಸೀರೆ ತೆಗೆದು ಒಗೆಯಲು ಕೆರೆಗೆ ಹೋದಳು, ಹೋಗುವಾಗ ಏನೋ ಗುನುಗುತ್ತಿದ್ದಳು. ಅಪ್ಪ ಅಂಗಳ ಗುಡಿಸಿ, ಬೇಲಿ ಸವರಿ, ಕುಡುಗೋಲು ಹಿಡಿದು ಆ ಗಿಡದ ಮುಂದೆ ನಿಂತ.

“ಇದೇನ್ಲಾ, ಒಂಟಿಯಾಗಿ ಮೇಲಕ್ಕೇ ಹೋಯ್ತಾ ಐತೆ. ತಲೆ ಕೊಯ್ದ್ರೆ ನಾಕು ಕವಲು ಒಡೀತದೆ. ನಿಮ್ಮಕ್ಕ ಹೋಗೋ ಹೊತ್ತಿಗೆ ಒಸಿ ಚೆಂದಾಗಿ ಕಾಣ್ಲಿ” ಎಂದ.

ಹಿಪ್ಪುನೇರಳೆ ಬೆಳೆಯುವವರ ಬುದ್ಧಿಯೇ ಹಾಗೆ. ಬುಡದ ತನಕ ಕೊಯ್ದರೂ ಅದು ಮತ್ತೆ ಚಿಗುರುತ್ತದೆ, ಕೊಯ್ದಷ್ಟೂ ಹೆಚ್ಚು ಚಿಗುರುತ್ತದೆ. ತೆಂಗಿಗೆ ಒಂದೇ ಸುಳಿ, ನಡುವಿನ ಆ ಎಳೆ ಕುಡಿ ಹೋದರೆ ಮರವೇ ಹೋಯಿತು ಎಂದು ಅಪ್ಪನಿಗೂ ಗೊತ್ತಿತ್ತು. ಆದರೆ ಕಾಂಡವೇ ಇಲ್ಲದ ಈ ಬೀಸಣಿಗೆ ಗಿಡ ತೆಂಗಿನ ನೆಂಟನೆಂದು ಯಾರಿಗೆ ಹೊಳೆಯಬೇಕು? ಒಂದೇ ಏಟಿಗೆ, ಇನ್ನೂ ಬಿಚ್ಚಿಕೊಳ್ಳದ ತಿಳಿಹಳದಿ ಎಲೆ ಸುಳಿಯ ಸಮೇತ ನೆಲಕ್ಕೆ ಬಿತ್ತು. ಅಪ್ಪ ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಸಂತೋಷಪಟ್ಟ.

ಅಕ್ಕ ಒದ್ದೆ ಸೀರೆ ಹೆಗಲ ಮೇಲೆ ಹಾಕಿಕೊಂಡು ಬಂದಳು. ಬಿದ್ದಿದ್ದ ಎಲೆಯನ್ನು ಎತ್ತಿಕೊಂಡಳು. ಅಪ್ಪನ ಮುಖ ನೋಡಿದಳು. ಅಪ್ಪ ಹೊಗಳಿಕೆಗೆ ಕಾದು ನಿಂತಿದ್ದ.

“ಚೆಂದಾಗೈತೆ ಕಣಪ್ಪ” ಎಂದಳು.

ಭಾವ ಬಂದ. ಕಾಲು ತೊಳೆದು ಚಾಪೆಯ ಮೇಲೆ ಕೂತ. ಅಕ್ಕನ ಕಡೆ ಒಮ್ಮೆಯೂ ನೋಡಲಿಲ್ಲ. ತಲೆ ತಗ್ಗಿಸಿ ಒಬ್ಬಟ್ಟನ್ನು ಮುರಿಯುತ್ತಾ ಕೂತವನ ನೆತ್ತಿಯ ಎರಡೂ ಸುಳಿ ನನಗೆ ಕಾಣುತ್ತಿದ್ದವು. ಕೊನೆಗೆ ಅಪ್ಪನಿಗೆ ಹೇಳಿದ: “ನಮ್ಮವ್ವ ಹಟ ಹಿಡ್ದವ್ಳೆ ಮಾವ. ಇನ್ನೊಂದು ಹೆಣ್ಣು ಗೊತ್ತು ಮಾಡವ್ರೆ. ಬೇರೆಯವ್ರ ಬಾಯಿಂದ ಕೇಳೋದು ಬ್ಯಾಡ ಅಂತ ನಾನೇ ಬಂದೆ.”

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಕ್ಕ ಮಾತ್ರ ಚೊಂಬು ತಂದು ಭಾವನ ಕೈಗೆ ನೀರು ಹಾಕಿದಳು. ಒಂದು ಹನಿಯೂ ಆಚೆ ಚೆಲ್ಲಲಿಲ್ಲ.

ಹೊರಟ ಭಾವ ಅಂಗಳದ ಮೂಲೆಯಲ್ಲಿ ನಿಂತುಬಿಟ್ಟ. ಕೊಯ್ದ ಜಾಗವನ್ನು ಬೆರಳಲ್ಲಿ ಮುಟ್ಟಿ, “ಸುಳಿನೇ ಹೋಗೈತಲ್ಲ. ಇನ್ನಿದು ಉಳಿಯಲ್ಲ. ಇದಕ್ಕೆ ಒಂದೇ ಸುಳಿ ಅಂತ ಕೊಟ್ಟಾಗ್ಲೇ ಹೇಳಿದ್ನಲ್ಲ?” ಎಂದ.

“ಹೂಂ, ಹೇಳಿದ್ರಿ” ಎಂದಳು ಅಕ್ಕ. “ಅದಕ್ಕೆ ಒಂದೇಯ. ಎರಡಿರೋದು ನಿಮ್ಗೆ.”

ಭಾವ ಕೊಡೆ ಎತ್ತಿಕೊಂಡು ನಡೆದ. ಅಪ್ಪ ಅಲ್ಲೇ ಜಗಲಿಯ ಮೇಲೆ ಕುಸಿದು ಕೂತ. ಎರಡು ಏಟು ಒಟ್ಟಿಗೆ ಬಿದ್ದಿದ್ದವು ಅವನಿಗೆ, ಅದರಲ್ಲಿ ಒಂದು ಅವನೇ ಹೊಡೆದದ್ದು. “ಗೊತ್ತಿದ್ರೂ ಯಾಕವ್ವ ಸುಮ್ಕಿದ್ದೆ?” ಎಂದು ಕೇಳಿದ. ಅಪ್ಪನ ಕಣ್ಣಲ್ಲಿ ನೀರು ನಾನು ಕಂಡದ್ದು ಅದೇ ಮೊದಲು. ಅಕ್ಕ ಅದೇ ಚೊಂಬಿನಲ್ಲಿ ಉಳಿದಿದ್ದ ನೀರನ್ನು ಗಿಡದ ಬುಡಕ್ಕೆ ಹಾಕಿ, “ಅವ್ರಿಗೇನ್ ಗೊತ್ತು ಬುಡಪ್ಪ. ಚಿಗುರ್ತದೆ, ಒಸಿ ತಡಿ” ಎಂದಳು.

ಪಾಮ್ ಗಿಡ ಬೇಗ ಸಾಯುವುದಿಲ್ಲ, ಅದೇ ಸಂಕಟ. ಸುಳಿ ಹೋದ ಮೇಲೂ ಹಳೆಯ ಎಲೆಗಳು ತಿಂಗಳುಗಟ್ಟಲೆ ಹಸಿರಾಗಿದ್ದವು. ಆಮೇಲೆ ಒಂದೊಂದೇ ಒಣಗಿದವು. ಅಕ್ಕ ಮಾತ್ರ ದಿನವೂ ನೀರು ಹಾಕಿದಳು, ಅಪ್ಪ ಜಗಲಿಯ ಮೇಲೆ ಕೂತಿರುವ ಹೊತ್ತು ನೋಡಿಕೊಂಡೇ ಹಾಕಿದಳು. ಕೊನೆಯ ಎಲೆ ಬಿದ್ದ ಮೇಲೂ ಹಾಕಿದಳು. ಗಿಡ ಸತ್ತಿದೆಯೆಂದು ಅವಳಿಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ. ಅಕ್ಕ ಮತ್ತೆ ಗಂಡನ ಮನೆಗೆ ಹೋಗಲಿಲ್ಲ, ನಮ್ಮ ಜೊತೆಯಲ್ಲೇ ಮುದುಕಿಯಾದಳು. ನನ್ನ ತಲೆಗೆ ಎಣ್ಣೆ ಹಚ್ಚುವಾಗಲೆಲ್ಲ ನೆತ್ತಿ ತಡವಿ, “ಇವನಿಗೆ ಒಂದೇ ಐತೆ” ಎಂದು ಸಮಾಧಾನಪಟ್ಟುಕೊಳ್ಳುತ್ತಿದ್ದಳು.

ಈಗ ನಾವಿರುವುದು ರಾಮನಗರದಲ್ಲಿ. ಹೆದ್ದಾರಿ ಪಕ್ಕದ ಹಿಪ್ಪುನೇರಳೆ ಹೊಲಗಳು ಹೋಗಿ ಫ್ಯಾಕ್ಟರಿಗಳು ಬಂದಿವೆ, ಅವುಗಳ ಗೇಟಿನಿಂದ ಒಳಗಿನ ತನಕ ಸಾಲು ಸಾಲು ಪಾಮ್ ಮರ. ಬೆಳೆದ ಮರಗಳೇ ಗರಿ ಕಟ್ಟಿಸಿಕೊಂಡು ಲಾರಿಯಲ್ಲಿ ಬರುತ್ತವೆ, ಕ್ರೇನು ಇಳಿಸುತ್ತದೆ. ಅಲ್ಲಿ ನೋಡಿ ಆಸೆಪಟ್ಟು ನಿಮ್ಮಪ್ಪನೂ ನಮ್ಮ ಗೇಟಿಗೆ ಎರಡು ತರಿಸಿದ. ಒಂದು ಒಣಗಿತು. ನರ್ಸರಿಯವರು ಬಂದು ಅದೇ ಗುಂಡಿಯಲ್ಲಿ ಅಷ್ಟೇ ಎತ್ತರದ ಇನ್ನೊಂದನ್ನು ನಿಲ್ಲಿಸಿ ಹೋದರು. ಸಂಜೆ ಸ್ಕೂಲಿನಿಂದ ಬಂದ ನಿಮಗೆ ಮರ ಬದಲಾದದ್ದೇ ತಿಳಿಯಲಿಲ್ಲ. ನಿಮ್ಮ ಮೇಲೆ ತಪ್ಪಿಲ್ಲ ಬಿಡಿ, ತಿಳಿಯದ ಹಾಗೆ ಬದಲಾಯಿಸುವುದೇ ಅವರ ಕಸುಬು.

ಕಿತ್ತ ಮರ ಇನ್ನೂ ಕಾಂಪೌಂಡಿನ ಆಚೆ ಬಿದ್ದಿದೆ, ಲಾರಿ ಬಂದಿಲ್ಲ. ಬೆಳಿಗ್ಗೆ ನಾನು ಅದರ ಬೇರಿಗೆ ಒಂದು ಚೊಂಬು ನೀರು ಹಾಕುತ್ತಿದ್ದುದನ್ನು ಕಂಡು, “ಸತ್ತೋಗಿರೋ ಗಿಡಕ್ಕೆ ಯಾಕ್ ತಾತ ನೀರು?” ಎಂದು ಕೇಳಿದಿರಲ್ಲ, ಇದೇ ಉತ್ತರ.