ದೇವರಿಗೆ ಒಪ್ಪಿಸಿದ ಇಂಗಾಲ

ಹೊಸ ತೆನೆಯನ್ನು ಮೊದಲು ದೇವರಿಗೆ ತೋರಿಸುವುದು ನಮ್ಮ ಮನೆಯ ಅಭ್ಯಾಸ. ಹಾಗಾಗಿ ಮಣಿಪಾಲದ ಲ್ಯಾಬಿನಲ್ಲಿ ನಾವು ಬೆಳೆಸಿದ ಮೊದಲ ಗ್ರಾಫೀನ್ ನ್ಯಾನೊರಿಬ್ಬನ್‌ಗಳನ್ನೂ ಕಾಪುವಿನ ನಮ್ಮ ದೇವಸ್ಥಾನಕ್ಕೆ ಕೊಂಡುಹೋದೆ. ಇಂಗಾಲದ ಪರಮಾಣುಗಳು ಸಾಲುಗಟ್ಟಿ ಆದ ಪಟ್ಟಿಗಳು ಅವು. ಕಣ್ಣಿಗೆ ಕಾಣುವುದಿಲ್ಲ, ಡಬ್ಬಿಯಲ್ಲಿ ಕಾಣುವುದು ಅವು ಅಂಟಿಕೊಂಡ, ಚಿನ್ನ ಲೇಪಿಸಿದ ಚೂರು ಮಾತ್ರ. ಮರುದಿನ ಸೂಕ್ಷ್ಮದರ್ಶಕದಲ್ಲಿ ನೋಡಬೇಕಿತ್ತು. ನಮ್ಮಲ್ಲಿ ಇದ್ದದ್ದು ಆ ಒಂದೇ ಚೂರು.

ಪೂಜೆಯ ಭಟ್ಟರ ಹರಿವಾಣದಲ್ಲಿ ಡಬ್ಬಿ ಇಟ್ಟೆ. ಆರತಿಯಾದ ಮೇಲೆ ಕೈ ಚಾಚಿದರೆ, "ದೇವರಿಗೆ ಒಪ್ಪಿಸಿದ್ದನ್ನು ವಾಪಸು ಕೊಡ್ಲಿಕ್ಕೆ ಉಂಟಾ ಮಗಳೇ?" ಅಂದರು.

ದೇವರ ಹತ್ತಿರ ಜಗಳ ಮಾಡುವುದು ಹೇಗೆ?

"ಭಟ್ರೇ, ಅದರಲ್ಲಿ ನಮ್ಮ ಇಷ್ಟು ವರ್ಷದ ಕೆಲಸ ಉಂಟು."

"ಎಂತ, ಚಿನ್ನವಾ?"

"ಚಿನ್ನ ಅಲ್ಲ, ಅದರ ಮೇಲಿನ ಇಂಗಾಲ. ದೀಪದ ಮಸಿ ಉಂಟಲ್ವಾ, ಅದೇ ಜಾತಿ."

ಭಟ್ಟರು ಕಪ್ಪಾಗಿದ್ದ ಗರ್ಭಗುಡಿಯ ಗೋಡೆ ನೋಡಿ ನಕ್ಕರು. "ಮಸಿಯಾ? ದೇವರಿಗೆ ಅದು ಬೇಕಾದಷ್ಟು ಉಂಟು ಮಾರಾಯ್ತಿ. ನಿನ್ನದು ನೀನೇ ಇಟ್ಕೊ." ಮೇಲೊಂದು ಮಲ್ಲಿಗೆ ಇಟ್ಟು ಡಬ್ಬಿ ಕೊಟ್ಟರು.

ಮರುದಿನ ಸೂಕ್ಷ್ಮದರ್ಶಕದ ಪರದೆಯಲ್ಲಿ ಪಟ್ಟಿಗಳು ಮೂಡಿದವು, ಅಂಚು ಎಲ್ಲಿಯೂ ಹರಿಯದೆ, ನೇರವಾಗಿ. ಲ್ಯಾಬಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಲವೀನಾ ಶಿಲುಬೆಯ ಗುರುತು ಮಾಡಿಕೊಂಡಳು. ನಾನು ಕೈ ಮುಗಿದೆ. ನಮ್ಮ ಕೈಯಿಂದಲೇ ಇದು ಆಯಿತಲ್ಲ ಎಂಬ ಹೆಮ್ಮೆ ಇಬ್ಬರಿಗೂ.

ಆ ಚಿತ್ರದ ಒಂದು ಪ್ರತಿಯನ್ನು ಭಟ್ಟರಿಗೆ ಕೊಟ್ಟೆ. ತುಂಬ ಹೊತ್ತು ನೋಡಿ, "ಮಸಿಯೂ ಇಷ್ಟು ಚಂದ ಸಾಲಲ್ಲಿ ನಿಲ್ತದಾ! ಇದನ್ನು ಮಾತ್ರ ವಾಪಸು ಕೇಳ್ಬೇಡ" ಅಂದರು.

ಈಗ ಅದು ದೇವಸ್ಥಾನದ ಗೋಡೆಯಲ್ಲಿ ಉಂಟು. ಕೆಲವರು ಅದಕ್ಕೂ ಕೈ ಮುಗಿಯುತ್ತಾರೆ. ನಾನು ತಡೆಯಲು ಹೋಗುವುದಿಲ್ಲ.