ಚಿಕ್ಕತಾತನ ಅವ್ವನ ಹೆಸರು

ನಮ್ಮ ಮನೆಗೆ ಅಡ್ಡಹೆಸರು ಇಲ್ಲ. ಹೊಳೆನರಸೀಪುರ ತಾಲ್ಲೂಕಿನ ಒಂದು ಸಣ್ಣ ಊರಿನ ಮೊದಲ ಅಕ್ಷರವನ್ನು ಹೆಸರಿನ ಮುಂದೆ ಚುಕ್ಕೆಯಿಟ್ಟು ಬರೆದುಕೊಳ್ಳುತ್ತೇವೆ, ಅಷ್ಟೆ. ಊರಿನ ಅಷ್ಟೂ ಕೇರಿಯವರು ಅದೇ ಅಕ್ಷರ ಬರೆದುಕೊಳ್ಳುತ್ತಾರೆ. ಹೀಗಿರುವಾಗ ಅಮೆರಿಕದಲ್ಲಿ ಸುಮಾರು ನಲವತ್ತು ಜನ ನಮ್ಮೂರಿನ ಇಡೀ ಹೆಸರನ್ನು ತಮ್ಮ ಹೆಸರಿನ ಬಾಲಕ್ಕೆ ಕಟ್ಟಿಕೊಂಡು ಬದುಕುತ್ತಿದ್ದಾರೆ, ವರ್ಷಕ್ಕೊಮ್ಮೆ ಒಂದು ಪಾರ್ಕಿನಲ್ಲಿ ಸೇರಿ, ಎದೆಯ ಮೇಲೆ ಆ ಹೆಸರು ಅಚ್ಚಾದ ಟೀ ಶರ್ಟು ತೊಟ್ಟು, ಕೋಳಿ ಸುಟ್ಟು ತಿನ್ನುತ್ತಾರೆ ಎಂದು ತಿಳಿದಾಗ ನನಗೆ ಹೆಮ್ಮೆಯಾಯಿತು ಎಂದು ಎಲ್ಲರಿಗೂ ಹೇಳಿದ್ದೇನೆ. ನಿಜವಾಗಿ ಬಂದದ್ದು ನಗು. ಊರಿನ ಬಸ್ ನಿಲ್ದಾಣದ ಬೋರ್ಡಿನಲ್ಲೇ ಆ ಹೆಸರು ಪೂರ್ತಿ ಕಾಣುವುದಿಲ್ಲ. ಅರ್ಧದ ಮೇಲೆ ಗೊಬ್ಬರದ ಜಾಹೀರಾತು ಅಂಟಿದೆ.

ಇದನ್ನು ತಿಳಿಸಿದವಳು ಆ ನಲವತ್ತರಲ್ಲಿ ಒಬ್ಬಳು, ನಿವೃತ್ತ ಶಾಲಾ ಶಿಕ್ಷಕಿ. ನನ್ನ ತಾತನ ತಮ್ಮ, ಅಂದರೆ ನಮ್ಮ ಚಿಕ್ಕತಾತ, ಅವಳಿಗೆ ಸ್ವಂತ ತಾತ. ಹಾಗಾಗಿ ವರಸೆಯಲ್ಲಿ ನನಗೆ ಅಕ್ಕ. ಕನ್ನಡದ ಒಂದು ಅಕ್ಷರ ಬಾರದ ಅಕ್ಕ. ಯಾರು ಯಾರನ್ನೋ ವಿಚಾರಿಸಿ ಹಾಸನದಲ್ಲಿದ್ದ ನನ್ನ ನಂಬರು ಹಿಡಿದು ವಾಟ್ಸಾಪಿನಲ್ಲಿ ಬಂದಳು.

ಚಿಕ್ಕತಾತನ ಬಗ್ಗೆ ನಮ್ಮ ಮನೆಯಲ್ಲಿದ್ದ ಮಾಹಿತಿ ಎರಡೇ ಪದ: ಹಡಗು ಹತ್ತಿದ. ಅಕ್ಕನ ಹತ್ತಿರ ಮಿಕ್ಕದ್ದೆಲ್ಲ ಇತ್ತು. ಅವನು ಕಾಫಿ ತೋಟದ ಒಬ್ಬ ದೊರೆಯ ಅಡುಗೆಯವನಾಗಿ ಇಂಗ್ಲೆಂಡಿಗೆ ಹೋದದ್ದು, ಮನೆತನದ ಹೆಸರೇನೆಂದು ಕೇಳಿದ ಗುಮಾಸ್ತನಿಗೆ ಬೇರೇನೂ ತೋಚದೆ ಊರಿನ ಹೆಸರು ಹೇಳಿದ್ದು, ದೊರೆ ಸತ್ತ ಮೇಲೆ ಬಿಸ್ಕತ್ತು ಕಾರ್ಖಾನೆ ಸೇರಿದ್ದು, ಅಲ್ಲಿನ ಹೆಂಗಸನ್ನು ಮದುವೆಯಾದದ್ದು, ಅವರ ಮಗ ಅದೇ ಹೆಸರನ್ನು ಹೊತ್ತು ಅಮೆರಿಕಕ್ಕೆ ಹೋಗಿ ಜೋಡು ಮಾರುವ ಅಂಗಡಿಯಲ್ಲಿ ಕೆಲಸ ಹಿಡಿದದ್ದು. ಎಲ್ಲದಕ್ಕೂ ಕಾಗದವಿತ್ತು. ಹಡಗಿನ ಪಟ್ಟಿ, ಕಾರ್ಖಾನೆಯ ಹಾಜರಿ, ಚರ್ಚಿನ ಪುಸ್ತಕ. ಎಲ್ಲವನ್ನೂ ಸೇರಿಸಿ ಅವಳು ಚೌಕಗಳ ಒಂದು ವಂಶವೃಕ್ಷ ಮಾಡಿದ್ದಳು. ಅವಳ ಇಂಗ್ಲಿಷ್ ಅಜ್ಜಿಯ ಕಡೆ ಏಣಿ ಹತ್ತು ಮೆಟ್ಟಿಲು ಮೇಲೆ ಹೋಗಿತ್ತು. ಬಡಗಿ, ಕಲ್ಲಿದ್ದಲು ಅಗೆಯುವವನು, ಕುರಿ ಕದ್ದು ಶಿಕ್ಷೆಯಾದವನು, ಎಲ್ಲರೂ ಹೆಂಡತಿಯರ ಹೆಸರಿನ ಸಮೇತ ನಾಚಿಕೆಯಿಲ್ಲದೆ ಕೂತಿದ್ದರು. ನಮ್ಮ ಕಡೆ ಏಣಿ ಒಂದೇ ಮೆಟ್ಟಿಲಿಗೆ ನಿಂತಿತ್ತು. ಚಿಕ್ಕತಾತನ ಅಪ್ಪನ ಹೆಸರು ನನಗೆ ಗೊತ್ತಿತ್ತು, ಕೊಟ್ಟೆ. ಅವನ ಅವ್ವನ, ಅಂದರೆ ನನ್ನ ಮುತ್ತಜ್ಜಿಯ, ಚೌಕ ಖಾಲಿ.

"ತಾಯಿಯ ಹೆಸರು ಒಂದೇ ಬಾಕಿ. ಮನೆಯವರಿಗೆ ಗೊತ್ತೇ ಇರುತ್ತದಲ್ಲ," ಎಂದು ಅಕ್ಕ ಇಂಗ್ಲಿಷಿನಲ್ಲಿ ಬರೆದಳು.

ಎರಡು ದಿನದಲ್ಲಿ ಕಳಿಸುತ್ತೇನೆ ಎಂದು ಉತ್ತರಿಸಿದೆ. ಹಾಸನದ ಜೆರಾಕ್ಸ್ ಅಂಗಡಿಯಲ್ಲಿ ಆ ವೃಕ್ಷವನ್ನು ದೊಡ್ಡ ಹಾಳೆಗೆ ಹಾಕಿಸಿ, ನಮ್ಮ ಕಡೆಯವರ ಹೆಸರುಗಳನ್ನೆಲ್ಲ ಪೆನ್ನಿನಲ್ಲಿ ಕನ್ನಡದಲ್ಲೇ ತುಂಬಿ, ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ.

ಮೊದಲು ಅರಕಲಗೂಡಿಗೆ. ಅಲ್ಲಿ ನಮ್ಮ ದೂರದ ನೆಂಟರೊಬ್ಬರು, ನಿವೃತ್ತ ಮೇಷ್ಟ್ರು, ವಂಶದ ಚರಿತ್ರೆ ಬರೆದಿಟ್ಟಿದ್ದಾರೆಂದು ಸುದ್ದಿ. ಬರೆದಿದ್ದರು. ದಪ್ಪ ನೋಟ್‌ಬುಕ್ಕು. ನಮ್ಮ ಮೂಲಪುರುಷ ಒಬ್ಬ ದಂಡನಾಯಕ, ಅವನ ಕುದುರೆ ಹೇಮಾವತಿಯನ್ನು ಒಂದೇ ನೆಗೆತಕ್ಕೆ ದಾಟಿತು, ದಾಟಿದ ಜಾಗದಲ್ಲಿ ಊರು ಕಟ್ಟಿದ. ಕುದುರೆಯ ಬಣ್ಣ, ಅದರ ಹೆಸರು, ಅದು ತಿನ್ನುತ್ತಿದ್ದ ಹುರುಳಿಯ ಲೆಕ್ಕ, ಎಲ್ಲ ಇತ್ತು.

"ಮುತ್ತಜ್ಜಿ ಹೆಸರು ಏನು ಸಾರ್?" ಎಂದೆ.

"ಹೆಂಗಸರ ವಿಚಾರ ಎರಡನೇ ಭಾಗದಲ್ಲಿ ಬರುತ್ತೆ," ಎಂದರು ಮೇಷ್ಟ್ರು. "ಅದು ಇನ್ನೂ ಬರೆದಿಲ್ಲ."

ಅಲ್ಲಿಂದ ಚನ್ನರಾಯಪಟ್ಟಣಕ್ಕೆ. ದೊಡ್ಡಪ್ಪನ ಮಗ, ನಮ್ಮಣ್ಣ, ಅಲ್ಲಿ ಕಾಯಿ ಮಂಡಿ ಇಟ್ಟಿದ್ದಾನೆ. ಸುಲಿದ ತೆಂಗಿನಕಾಯಿಯ ರಾಶಿಯ ಮಧ್ಯೆ ಹಾಳೆ ಬಿಡಿಸಿದೆ. ಅವನು ಕನ್ನಡಕ ಹಾಕಿಕೊಂಡು ಚಿಕ್ಕತಾತನ ಚೌಕದ ಮೇಲೆ ಬೆರಳಿಟ್ಟ.

"ಇದೇನ್ಲಾ ಇದು, ಕುಕ್ಕು ಅಂತ ಬರ್ದವ್ಳೆ?"

"ಅಡುಗೆಯವನಾಗಿ ಹೋಗಿದ್ದ ಅಣ್ಣ."

"ಬ್ಯಾರಿಸ್ಟ್ರು ಓದಕ್ ಓದ ಅಂತ ನಾನು ಇಡೀ ಮಾರ್ಕೆಟ್ಟಿಗೆ ಏಳಿವ್ನಿ. ಅಳಿಸ್ ಅತ್ಲಾಗೆ."

"ಅವಳ ಹತ್ತಿರ ದಾಖಲೆ ಇದೆ."

"ದಾಖ್ಲೆ ಮಾತು ನನ್ ತಾವ ಆಡ್ಬ್ಯಾಡ ಕಣ್ಲಾ," ಎಂದು ನಕ್ಕ. ಆ ನಗು ಏನೆಂದು ಇಬ್ಬರಿಗೂ ಗೊತ್ತಿತ್ತು. ಅದಕ್ಕೆ ಆಮೇಲೆ ಬರುತ್ತೇನೆ. ಮುತ್ತಜ್ಜಿಯ ಹೆಸರು ಅವನಿಗೂ ಗೊತ್ತಿರಲಿಲ್ಲ. "ಅತ್ತೇನ್ ಕೇಳು. ಕೊಣನೂರ್ಗೆ ಓಗು. ಆದ್ರೆ ಒಂದ್ ಮಾತು. ಅವ್ಳ್ ಎಸ್ರು ಈ ಆಳೇಲಿ ಬರ್ಕೂಡ್ದು. ನಾಳೆ ಇದ್ನೇ ತಕೊಂಡೋಗಿ ಕೋರ್ಟಲ್ಲಿ ಇಟ್ರೆ?"

ಅತ್ತೆ ಎಂದರೆ ನಮ್ಮಿಬ್ಬರ ಸೋದರತ್ತೆ. ತಾತನಿಗೆ ಇಬ್ಬರು ಗಂಡು, ಒಂದು ಹೆಣ್ಣು. ದೊಡ್ಡಪ್ಪ, ನಮ್ಮಪ್ಪ, ಕೊನೆಯವಳು ಅವಳು. ಈಗ ಉಳಿದಿರುವುದು ಅವಳೊಬ್ಬಳೇ. ದೊಡ್ಡಪ್ಪನೂ ಅಪ್ಪನೂ ತೀರಿಕೊಂಡ ಮೇಲೆ ತಾತನ ಹೆಸರಿನಲ್ಲೇ ಉಳಿದಿದ್ದ ಜಮೀನಿನ ಖಾತೆ ಮಾಡಿಸಿಕೊಳ್ಳಲು ಅಣ್ಣನೂ ನಾನೂ ಹೊಳೆನರಸೀಪುರದ ತಾಲ್ಲೂಕು ಕಚೇರಿಗೆ ಹೋಗಿದ್ದೆವು. ಅಲ್ಲೊಂದು ವಂಶವೃಕ್ಷ ಕೊಡಬೇಕಿತ್ತು. ಛಾಪಾ ಕಾಗದದ ಮೇಲೆ, ಪ್ರಮಾಣ ಮಾಡಿ. ಮೃತರಿಗೆ ಇಬ್ಬರು ಗಂಡುಮಕ್ಕಳನ್ನು ಬಿಟ್ಟರೆ ಬೇರೆ ಸಂತಾನವಿಲ್ಲ ಎಂದು ಬರೆಸಿದೆವು. ಮೊದಲು ಅಣ್ಣ ಸಹಿ ಹಾಕಿದ, ಆಮೇಲೆ ನಾನು.

ಈ ಘಟನೆ ನನ್ನಲ್ಲಿ ಎರಡು ಬಗೆಯಾಗಿ ಉಳಿದಿದೆ. ಒಂದರಲ್ಲಿ ನಾನು ಪೆನ್ನು ಎತ್ತಿ ಹಿಡಿದು, "ಅತ್ತೆ?" ಎಂದು ಕೇಳುತ್ತೇನೆ. ಹೊರಗೆ ಮಳೆ ಹನಿಯುತ್ತಿರುತ್ತದೆ, ಅಣ್ಣ ತಲೆ ತಗ್ಗಿಸುತ್ತಾನೆ. ಹೆಂಡತಿಗೆ ಹೇಳಿರುವುದು ಇದನ್ನೇ. ಇನ್ನೊಂದರಲ್ಲಿ ಚುರುಕು ಬಿಸಿಲು, ನಾನು ಏನೂ ಕೇಳುವುದಿಲ್ಲ, ಹೊರಗೆ ಬಂದು ಇಬ್ಬರೂ ಎಳನೀರು ಕುಡಿಯುತ್ತೇವೆ. ಆ ಛಾಪಾ ಕಾಗದದ ನಕಲು ಪ್ರತಿ ಬೀರುವಿನಲ್ಲಿದೆ. ತೆಗೆದು ನೋಡಿದೆ. ಸಹಿ ದುಂಡಗೆ, ಚೆಂದವಾಗಿ, ಕೈ ಒಂದು ಚೂರೂ ನಡುಗದೆ ಬಿದ್ದಿದೆ. ಎಳನೀರಿನದೇ ನಿಜವಿರಬೇಕು.

ಕೊಣನೂರಿಗೆ ಹೋದದ್ದು ಸಂತೆಯ ದಿನ. ಅತ್ತೆ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಬಾರಪ್ಪಾ ಆಸನದ ದೊರೆ," ಎಂದಳು. "ದಾರಿ ತಪ್ಪಿ ಬಂದ್ಯಾ, ಬಸ್ಸು ಕೆಟ್ಟು ಬಂದ್ಯಾ?"

ನಾನು ಚಿಕ್ಕತಾತ, ಇಂಗ್ಲೆಂಡು, ಬಿಸ್ಕತ್ತು, ಅಮೆರಿಕ ಎಲ್ಲವನ್ನೂ ಹೇಳಿ ಹಾಳೆ ಬಿಡಿಸಿದೆ. ಅತ್ತೆ ಅದರ ನಾಲ್ಕು ಮೂಲೆಗೂ ಅವರೆಕಾಯಿ ಹೇರಿ, ಬಗ್ಗಿ ನೋಡಿದಳು. ಅವಳು ಮೂರನೇ ಕ್ಲಾಸಿನವರೆಗೆ ಓದಿದವಳು. ಬೆರಳು ಚೌಕದಿಂದ ಚೌಕಕ್ಕೆ ನಿಧಾನವಾಗಿ ಹರಿಯಿತು. ತಾತ. ದೊಡ್ಡಪ್ಪ. ನಮ್ಮಪ್ಪ. ಅಲ್ಲಿ ನಿಂತಿತು.

"ಇದ್ರಾಗೆ ನಾನೆಲ್ಲಿವ್ನಿ?"

"ಹೆಣ್ಣುಮಕ್ಕಳದು ಬೇರೆ ಹಾಳೆ ಅತ್ತೆ," ಎಂದೆ. ಇಷ್ಟು ಬೇಗ ಸುಳ್ಳು ಹೊಳೆದದ್ದಕ್ಕೆ ನನಗೇ ಆಶ್ಚರ್ಯ.

"ಅಮೇರಿಕದೋಳು ಎಣ್ಣಲ್ವಾ? ಅವ್ಳ್ ಚೌಕ ಇಲ್ಲೇ ಐತಲ್ಲ."

ನಾನು ಅವರೆಕಾಯಿ ಸುಲಿಯಲು ಕೈ ಹಾಕಿದೆ.

"ಮಡಗ್ಲಾ ಅದ್ನ. ಉಳ ಇರೋದೆಲ್ಲ ಸೇರಿಸ್ಬುಡ್ತೀಯ." ಅವಳ ದನಿ ಏರಲಿಲ್ಲ. "ನರ್ಸೀಪುರದಾಗೆ ನೀವಿಬ್ರೂ ಬರ್ಕೊಟ್ಟಿದ್ದು ನಂಗೊತ್ತು ಕಣ್ಲಾ. ನಮ್ಮಪ್ಪಂಗೆ ಎಲ್ಡೇ ಮಕ್ಳು ಅಂತ. ಅಂಗಾರೆ ನಾನ್ಯಾರ್ ಮಗ್ಳು? ಏಳು. ನೀನು ಓದ್ದೋನು, ಏಳು."

"ಜಮೀನು ಬೇಕಿತ್ತಾ ಅತ್ತೆ?" ಎಂದು ಕೇಳಿಬಿಟ್ಟೆ. ಇದಕ್ಕಿಂತ ಕೆಟ್ಟ ಪ್ರಶ್ನೆ ಆ ಹೊತ್ತಿಗೆ ಇರಲಿಲ್ಲ.

"ಬೇಕಾದ್ರೆ ಕೇಳ್ತೀನಿ. ಅದು ಬ್ಯಾರೆ ದಿನ. ಇವತ್ತು ನನ್ ಎಸ್ರು ಬರಿ. ಬರುದ್ರೆ ನಮ್ಮಜ್ಜಿ ಎಸ್ರು ಏಳ್ತೀನಿ. ಇಲ್ದಿದ್ರೆ ಸುತ್ಕೊಂಡು ನಡಿ."

ಪೆನ್ನು ತೆಗೆದೆ. ದೊಡ್ಡಪ್ಪ, ಅಪ್ಪ, ಅವರ ಪಕ್ಕದಲ್ಲಿ ಒಂದು ಚೌಕ ಎಳೆದೆ. ಅವಳನ್ನು ಎಲ್ಲರೂ ಕರೆಯುವ ಹೆಸರನ್ನು ಬರೆಯಲು ಹೊರಟೆ. ನಮ್ಮ ಕಡೆ ಮನೆಗೊಬ್ಬಳಾದರೂ ಇರುವ ಹೆಸರು ಅದು, ಪುಟ್ಟದಾಗಿದ್ದವಳಿಗೆ ಇಟ್ಟು ಮುದುಕಿಯಾದರೂ ಬಿಡದ್ದು. ಅವಳ ಆಧಾರ್ ಕಾರ್ಡಿನಲ್ಲೂ ಅದೇ ಇದೆ.

"ಅದಲ್ಲ," ಎಂದು ಅತ್ತೆ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡಳು. "ಅದು ಕರ್ಯೋ ಎಸ್ರು."

ನಾಲಗೆ ಕಚ್ಚಿಕೊಂಡು, ಒಂದೊಂದು ಅಕ್ಷರಕ್ಕೂ ಉಸಿರು ತೆಗೆದುಕೊಂಡು, ಬೇರೊಂದು ಹೆಸರು ಬರೆದಳು. ನಾನು ಹುಟ್ಟಿದಂದಿನಿಂದ ಒಮ್ಮೆಯೂ ಕೇಳದ ಹೆಸರು. ಅದು ಚೌಕ ಮೀರಿ ನಮ್ಮಪ್ಪನ ಚೌಕದೊಳಕ್ಕೆ ನುಗ್ಗಿತು.

"ಈಗ ಮುತ್ತಜ್ಜಿದು ಹೇಳು," ಎಂದೆ.

"ಬರ್ದಾಯ್ತಲ್ಲ."

ನಾನು ಮಿಕಿಮಿಕಿ ನೋಡಿದೆ. ಅತ್ತೆ ನಕ್ಕಳು. "ನಂಗಿಕ್ಕಿದ್ದು ನಮ್ಮಜ್ಜಿ ಎಸ್ರೇ ಕಣ್ಲಾ. ನಮ್ಮಪ್ಪ ಆಸೆ ಬಿದ್ದು ಅವ್ರವ್ವನ ಎಸ್ರು ಇಕ್ದ. ನಮ್ಮವ್ವ ಎಂಗ್ ಕರೀತಾಳೆ? ಅತ್ತೆ ಎಸ್ರು ಬಾಯಲ್ಲಿ ಅನ್ಬೌದಾ ಸೊಸೆ? ಮಗೂನ ಬೈಯೋದೆಂಗೆ ಆ ಎಸ್ರಿಡ್ದು? ಅದ್ಕೇ ಬ್ಯಾರೆ ಎಸ್ರಲ್ಲಿ ಕರುದ್ರು. ಎಲ್ರೂ ಅದ್ನೇ ಇಡ್ದ್ರು. ನಿಜದ ಎಸ್ರು ಇಡ್ದು ಕೂಗ್ತಿದ್ದೋರು ಇಸ್ಕೂಲ್ ಮೇಷ್ಟ್ರೊಬ್ರೇ. ಮೂರ್ನೇ ಕ್ಲಾಸ್‌ಗೆ ಬಿಡಿಸ್ದಾಗ ಅದೂ ನಿಂತೋಯ್ತು."

ಮನೆಯ ಗಂಡಸರು ಒಂದು ಸಾಲಿಗೆ ದಂಡನಾಯಕ, ಬ್ಯಾರಿಸ್ಟರು, ಹೊಳೆ ಹಾರುವ ಕುದುರೆ ಎಂದು ಹುಟ್ಟಿಸಿಕೊಂಡು ಕೂತಿದ್ದರೆ, ಇದ್ದ ಒಂದು ನಿಜವಾದ ಹೆಸರನ್ನು ಈ ಮುದುಕಿ ಎಪ್ಪತ್ತು ವರ್ಷ ಯಾರೂ ಕರೆಯದೆ ಇಟ್ಟುಕೊಂಡಿದ್ದಳು.

ಕೊಣನೂರು ಬಸ್ ನಿಲ್ದಾಣದಲ್ಲಿ ಹಾಳೆಯ ಫೋಟೋ ತೆಗೆದೆ. ಇಲ್ಲಿ ನನಗೊಂದು ಉಪಾಯ ಹೊಳೆಯಿತು. ಹೆಸರು ಸಿಕ್ಕಿತ್ತು. ಅದನ್ನು ಟೈಪು ಮಾಡಿ ಮುತ್ತಜ್ಜಿಯ ಚೌಕಕ್ಕೆಂದು ಕಳಿಸಿದರೆ ಅಮೆರಿಕದ ಅಕ್ಕ ಖುಷಿ, ಚನ್ನರಾಯಪಟ್ಟಣದ ಅಣ್ಣ ಖುಷಿ. ಅತ್ತೆಯ ಚೌಕ ಬೇಕಾಗಿಯೇ ಇರಲಿಲ್ಲ. ಫೋಟೋದ ಆ ಮೂಲೆಯನ್ನು ಫೋನಿನಲ್ಲೇ ಕತ್ತರಿಸಿದೆ. ಚೆನ್ನಾಗಿ ಬಂತು. ಮತ್ತೆ ಹಿಂದಕ್ಕೆ ತಂದೆ. ಮತ್ತೆ ಕತ್ತರಿಸಿದೆ. ಅಷ್ಟರಲ್ಲಿ ಹಾಸನದ ಬಸ್ಸು ಬಂದು, ಸಂತೆಯ ಜನರ ಚೀಲಗಳ ಮಧ್ಯೆ ನುಗ್ಗುವಾಗ ಬೆರಳು ತಾಗಿ ಇಡೀ ಫೋಟೋ ಅಕ್ಕನಿಗೆ ಹೋಗಿಬಿಟ್ಟಿತ್ತು. ನಾನೇ ಗಟ್ಟಿ ಮನಸ್ಸು ಮಾಡಿ ಕಳಿಸಿದೆ ಎಂದು ಈಚೆಗೆ ಹೇಳಿಕೊಳ್ಳುತ್ತಿದ್ದೇನೆ. ನಂಬುವ ಅವಶ್ಯಕತೆ ಇಲ್ಲ. ಸೀಟು ಸಿಕ್ಕ ಮೇಲೆ ಹೆಸರುಗಳನ್ನೆಲ್ಲ ಇಂಗ್ಲಿಷಿಗೆ ಇಳಿಸಿ, ಮುತ್ತಜ್ಜಿಯದೂ ಅತ್ತೆಯದೇ ಹೆಸರು ಎಂದು ಬರೆದೆ.

ಅಕ್ಕ ಎರಡೂ ಚೌಕಗಳನ್ನು ಒಂದೇ ಹಸಿರು ಬಣ್ಣದಲ್ಲಿ ಅಚ್ಚುಕಟ್ಟಾಗಿ ತುಂಬಿ ನನಗೂ ಅಣ್ಣನಿಗೂ ಕಳಿಸಿದಳು. ಅಣ್ಣ ಅದನ್ನು ಸರಿಯಾಗಿ ನೋಡದೆಯೇ, ಅಂಗಡಿಯವನಿಂದ ಹೆಸರುಗಳನ್ನು ಕನ್ನಡಕ್ಕೆ ಹಾಕಿಸಿ ಫ್ಲೆಕ್ಸ್ ಮಾಡಿಸಿದ. ಅಮೆರಿಕದಿಂದ ಬಂದದ್ದಲ್ಲವೇ! ಮೇಲೆ ತನ್ನ ಕೈಮುಗಿದ ಫೋಟೋ ಸೇರಿಸಿ ಮಂಡಿಯ ಗೋಡೆಗೆ ಹೊಡೆಸಿದ. ಹಸಿರು ಚೌಕ ಕಣ್ಣಿಗೆ ಬಿದ್ದದ್ದು ಆಮೇಲೆ.

"ಏನ್ಲಾ ಮಾಡ್ಬುಟ್ಟೆ!" ಎಂದು ಫೋನಿನಲ್ಲಿ ಕೂಗಿದ. "ಅತ್ತೆ ಬಂದು ಗ್ವಾಡೆ ಮ್ಯಾಲೆ ಕೂತವ್ಳಲ್ಲೋ!"

"ಕಿತ್ತುಹಾಕು ಹಾಗಾದರೆ."

"ಮಾರ್ಕೆಟ್ಟೆಲ್ಲ ನೋಡೈತೆ. ಎಂಗ್ಲಾ ಕೀಳ್ಲಿ?"

ಕಿತ್ತುಹಾಕುವ ಬದಲು ಅವನು ಆ ಮೂಲೆಯಲ್ಲಿ ಒಂದು ಮೊಳೆ ಹೊಡೆದು, ದೊಡ್ಡ ಅಂಕಿಗಳ ಕ್ಯಾಲೆಂಡರು ನೇತುಹಾಕಿದ. ಅತ್ತೆ ಸರಿಯಾಗಿ ಅದರ ಹಿಂದೆ ಹೋದಳು. ಈ ಜಾಣತನವನ್ನು ಅವನೇ ನನಗೆ ವಿವರಿಸಿದ. ನಾನು ನಕ್ಕೆ ಎಂದು ಒಪ್ಪಿಕೊಳ್ಳುತ್ತೇನೆ. ಹಾಗೇ, ಆ ವಾರದಲ್ಲೇ ಕೊಣನೂರಿಗೆ ಫೋನು ಮಾಡಿ ಕ್ಯಾಲೆಂಡರಿನ ವಿಷಯ ಹೇಳಿದವನೂ ನಾನೇ.

ಎರಡು ತಿಂಗಳು ಬಿಟ್ಟು ಅತ್ತೆ ಹೋದಳು. ನಾನು ಅಲ್ಲಿರಲಿಲ್ಲ. ಅವಳು ಹೇಳುವ ಪ್ರಕಾರ, ಹಾಸನದಲ್ಲಿ ಬಸ್ಸು ಬದಲಿಸಿ ಮಂಡಿಗೆ ಹೋಗಿ, ಅಣ್ಣ ತರಿಸಿದ ಕಾಫಿ ಕುಡಿದು, ವ್ಯಾಪಾರಕ್ಕೆ ಬಂದಿದ್ದವರೆದುರಿಗೇ, "ಕ್ಯಾಲೆಂಡ್ರು ಚೆಂದಾಗೈತೆ ಕಣ್ಲಾ, ನಮ್ಮನೇಲಿ ಒಂದೂ ಇಲ್ಲ," ಎಂದಳು. ಸೋದರತ್ತೆ ಬಾಯಿಬಿಟ್ಟು ಒಂದು ಕ್ಯಾಲೆಂಡರು ಕೇಳಿದರೆ ಯಾವನು ಇಲ್ಲವೆನ್ನುತ್ತಾನೆ? ತಾನೇ ಮೊಳೆಯಿಂದ ಇಳಿಸಿ, ಸುತ್ತಿ, ಚೀಲಕ್ಕೆ ಹಾಕಿಕೊಂಡಳು. ಅಣ್ಣನ ಪ್ರಕಾರ ಅವನೇ ಪ್ರೀತಿಯಿಂದ ಇಳಿಸಿಕೊಟ್ಟದ್ದು, ಬಾಳೆಹಣ್ಣಿನ ಜೊತೆಗೆ.

ನಾನು ಮೊನ್ನೆ ಮಂಡಿಗೆ ಹೋಗಿದ್ದೆ. ಮೊಳೆ ಹಾಗೇ ಇದೆ, ಬೇರೆ ಕ್ಯಾಲೆಂಡರು ಬಂದಿಲ್ಲ. ಫ್ಲೆಕ್ಸಿನ ಮೇಲೆಲ್ಲ ತೆಂಗಿನ ನಾರಿನ ಧೂಳು ಕೂತು ಅಣ್ಣನ ಫೋಟೋ, ದೊಡ್ಡಪ್ಪ, ಅಪ್ಪ, ನಾನು ಎಲ್ಲ ಮಾಸಿದ್ದೇವೆ. ಕ್ಯಾಲೆಂಡರು ಮುಚ್ಚಿಕೊಂಡಿದ್ದಷ್ಟು ಜಾಗ ಮಾತ್ರ ಹೊಸದಾಗಿ ಉಳಿದಿದೆ. ಕಾಯಿ ಮಾರಲು ಬಂದಿದ್ದ ಒಬ್ಬ ರೈತ ಆ ಹಸಿರು ಚೌಕವನ್ನು ಓದಿ, "ಇದ್ಯಾರು ಸಾ, ನಿಮ್ಗೇನಾಗ್ಬೇಕು?" ಎಂದು ಕೇಳಿದ.

ಅಣ್ಣ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

"ಅತ್ತೆ," ಎಂದ ಅಣ್ಣ. "ನಮ್ ಸ್ವಂತ ಅತ್ತೆ."