ಆಪಲ್ ಪೈ ಲವೋನಮ್ಮ

ಓಹಾಯೋದ ಈ ಸಣ್ಣ ಊರಿನ ಕೋರ್ಟಿನಲ್ಲಿ ಬಾಗಿಲು ಕಾಯುವ ನನಗೆ ಲವೋನಮ್ಮನದೇ ದೊಡ್ಡ ತಲೆನೋವು. ಯಾವ ಕಳ್ಳನ ವಿಚಾರಣೆಯಿದ್ದರೂ ಮುಂದಿನ ಬೆಂಚು ಅವಳದೇ, ಮಡಿಲಲ್ಲಿ ಆರೋಪಿಗೆಂದು ತಂದ, ಹಿಟ್ಟಿನೊಳಗೆ ಸೇಬು ತುಂಬಿ ಬೇಯಿಸಿದ ಆಪಲ್ ಪೈ. “ಪಾಪ, ನೋಡೋ, ಅಂಗಿಗೆ ಇಸ್ತ್ರಿ ಮಾಡಿಕೊಡೋರೂ ಇಲ್ಲ!” ಅನ್ನುತ್ತಾಳೆ. “ಅವನು ಕದ್ದಿದ್ದೇ ಇಸ್ತ್ರಿಪೆಟ್ಟಿಗೆ ಕಣಮ್ಮ,” ಅಂದರೆ, “ಮತ್ತೆ! ಇಲ್ದಿದ್ದಕ್ಕೇ ತಾನೆ ಕದ್ದಿದ್ದು?” ಅಂತ ನನ್ನನ್ನೇ ಗದರುತ್ತಾಳೆ. ತೀರ್ಪು ಹೇಳುವ ಹನ್ನೆರಡು ಮಂದಿಯ ಜ್ಯೂರಿಗೆ ಊರಿನ ಜನರನ್ನು ಆರಿಸುವಾಗ ಸರ್ಕಾರಿ ವಕೀಲ ಅವಳ ಮುಖ ಕಂಡೊಡನೆ, “ನೀವು ಮನೆಗೆ ಹೊರಡಿ ತಾಯಿ,” ಅನ್ನುತ್ತಾನೆ. ಮೂವತ್ತು ವರ್ಷದ ಹಿಂದೆ ಒಂದೇ ಸಲ ಅವಳು ಜ್ಯೂರಿಯಲ್ಲಿ ಕೂತಿದ್ದಳಂತೆ. ಹನ್ನೊಂದು ಜನ ‘ಅಪರಾಧಿ’ ಎಂದಾಗಿತ್ತು. ಅವಳೊಬ್ಬಳು ಒಪ್ಪದಿದ್ದರೆ ಶಿಕ್ಷೆಯಿಲ್ಲ. “ಅವನೇ ಮಾಡಿದ್ದು ಅಂತ ನಂಗೆ ನಂಬಿಕೆ ಇರ್ಲಿಲ್ಲ ಕಣೋ. ಆದ್ರೆ ಮನೇಲಿ ಪೈಗೆ ಹಿಟ್ಟು ಕಲಸಿಟ್ಟು ಬಂದಿದ್ದೆ. ಹೊತ್ತಾಯ್ತು ಅಂತ ಹೂಂ ಅಂದ್ಬಿಟ್ಟೆ.”